‘ಪಾಲು’ ಹಾಲಾಗುವ ತನಕ: ಅಂಗನವಾಡಿಗೆ ಹೊಸದಾಗಿ ಬಂದ ಟೀಚರ್‌ಗಳಿಗೆ

ಪಕ್ಕದ ಊರಿನ ಅಂಗನವಾಡಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ಸಿಕ್ಕಿದ್ದಳು. ಪಕ್ಕದಲ್ಲಿ ಕೂತ ಕೂಡಲೇ ಶುರು ಮಾಡಿದಳು. ‘ಅಕ್ಕಾ, 18 ಮಕ್ಕಳಿದ್ದಾರೆ. ಒಂದೂ ಬಾಯಿ ಬಿಡಲ್ಲ. ನಾನೊಬ್ಬಳೇ ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಗಿದೆ.’

‘ಮನೇಲಿ ಏನು ಮಾತಾಡ್ತಾರೆ ಆ ಮಕ್ಕಳು?’

‘ತೆಲುಗು.’

‘ನೀನು?’

‘ನಾನು ಕನ್ನಡದಲ್ಲೇ ಕಲಿಸಬೇಕಲ್ವಾ ಅಕ್ಕ?’

ಇಳಿಯುವ ಜಾಗ ಬರುವ ತನಕ ಅವಳಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ರೇಷ್ಮೆ ಹಳ್ಳಿಯಲ್ಲಿ 19 ವರ್ಷದಿಂದ ಅಂಗನವಾಡಿ ಟೀಚರ್. ನನ್ನದು ಒಂದೇ ಕೋಣೆ. ಅದರಲ್ಲೇ 3 ವರ್ಷದ ಮಗುವೂ ಇರುತ್ತದೆ, ಇನ್ನೇನು ಒಂದನೇ ಕ್ಲಾಸಿಗೆ ಹೋಗುವ ಮಗುವೂ ಇರುತ್ತದೆ. ನಿಮ್ಮದೂ ಹಾಗೇ ಇದ್ದರೆ ಮುಂದೆ ಓದಿ.

ಮೊದಲ ಹದಿನೈದು ದಿನ

ಅಳು ನಿಲ್ಲಿಸಬೇಕು ಅನ್ನುವ ಹಟ ಬಿಡಿ. ಮೂರು ವರ್ಷದ ಮಗು ಅಮ್ಮನನ್ನು ಬಿಟ್ಟು ಗೊತ್ತಿಲ್ಲದ ಕೋಣೆಯಲ್ಲಿ ಕೂತಿದೆ. ಅಳದಿದ್ದರೆ ಆಶ್ಚರ್ಯ. ಅಮ್ಮಂದಿರಿಗೆ ಒಂದು ಮಾತು ಕಡ್ಡಾಯವಾಗಿ ಹೇಳಿ: ಮಗು ಆ ಕಡೆ ನೋಡುವಾಗ ಸದ್ದಿಲ್ಲದೆ ಜಾರಿಕೊಳ್ಳಬೇಡಿ. ಹೇಳಿಯೇ ಹೋಗಿ. ಆ ದಿನ ಜಾಸ್ತಿ ಅಳುತ್ತದೆ, ನಿಜ. ಆದರೆ ಕದ್ದು ಹೋದರೆ ಮಾರನೇ ದಿನದಿಂದ ಮಗು ಆಟದ ಕಡೆ ನೋಡುವುದಿಲ್ಲ, ಬಾಗಿಲನ್ನೇ ನೋಡುತ್ತದೆ.

‘ಅಮ್ಮ ಈಗ ಬರ್ತಾಳೆ’ ಅಂತ ಸುಳ್ಳು ಹೇಳಬೇಡಿ. ‘ಹಾಲು ಕುಡಿಯೋದು, ಆಟ ಆಡೋದು, ಊಟ ಮಾಡೋದು, ಆಮೇಲೆ ಅಮ್ಮ’ ಅನ್ನಿ. ಇದನ್ನು ನಾಲ್ಕು ಚಿತ್ರ ಮಾಡಿ ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಲೋಟ, ಚೆಂಡು, ತಟ್ಟೆ, ಸೀರೆ ಉಟ್ಟ ಅಮ್ಮ. ಒಂದೊಂದು ಕೆಲಸ ಮುಗಿದ ಹಾಗೆ ಆ ಚಿತ್ರಕ್ಕೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ. ಗಡಿಯಾರ ಓದಲು ಬಾರದ ಮಗುವಿಗೂ ಯಾವುದಾದ ಮೇಲೆ ಯಾವುದು ಅನ್ನುವುದು ಗೊತ್ತಾಗುತ್ತದೆ. ನನ್ನಲ್ಲಿ ಅಳುವ ಮಕ್ಕಳೇ ಓಡಿಬಂದು ಕ್ಲಿಪ್ ಹಾಕುತ್ತಾರೆ. ಅಮ್ಮನ ಚಿತ್ರಕ್ಕೆ ಮೊದಲೇ ಹಾಕಿಬಿಡುವ ಜಾಣರೂ ಇದ್ದಾರೆ.

ಇನ್ನೊಂದು, ‘ಇಂಟಿಕಿ ಪೋತಾ’ ಅಂತ ಅಳುವ ಮಗುವಿಗೆ ‘ಮನೆಗೆ ಹೋಗಬೇಕು ಅನ್ನು’ ಅಂತ ತಿದ್ದಲು ಹೋಗಬೇಡಿ ತಾಯಿ. ಅದು ಪಾಠದ ಹೊತ್ತಲ್ಲ.

ಮನೆಮಾತನ್ನು ಬಾಗಿಲಲ್ಲೇ ನಿಲ್ಲಿಸಬೇಡಿ

ನಾನು ಸೇರಿದ ಮೊದಲ ಕೆಲವು ವರ್ಷ ಮಾಡಿದ ತಪ್ಪು ಇದೇ. ತೆಲುಗು ಮಾತಾಡಿದರೆ ‘ಕನ್ನಡ, ಕನ್ನಡ’ ಅನ್ನುತ್ತಿದ್ದೆ. ಮಕ್ಕಳು ಕನ್ನಡ ಕಲಿಯಲಿಲ್ಲ, ಸುಮ್ಮನಿರುವುದನ್ನು ಕಲಿತರು. ನಾನು ಅದನ್ನೇ ಶಿಸ್ತು ಅಂದುಕೊಂಡು ಖುಷಿಪಟ್ಟೆ.

ಬದಲಾದದ್ದು ಒಂದು ದಿನ ಹಾಲು ಕೊಡುವಾಗ. ನಾಲ್ಕು ವರ್ಷದ ಹುಡುಗನೊಬ್ಬ ಲೋಟ ಮುಂದೆ ಮಾಡಿ ‘ಪಾಲು’ ಅಂದ. ನಾನು ಯಾವುದೋ ಗುಂಗಿನಲ್ಲಿ ‘ಹೂಂ, ಪಾಲು, ಹಾಲು’ ಅಂದುಬಿಟ್ಟೆ. ಅವನು ನನ್ನ ಬಾಯನ್ನೇ ನೋಡಿದ. ನಮ್ಮ ಟೀಚರಿಗೆ ತೆಲುಗು ಬರುತ್ತದೆ! ಅವತ್ತು ಊಟದ ಮೇಲೆ ಪ್ರಾಣಿಗಳ ಚಿತ್ರ ತೆಗೆದೆ. ಹುಲಿ ತೋರಿಸಿದೆ, ‘ಪುಲಿ’ ಅಂದರು. ‘ಹೌದು, ಹುಲಿ’ ಅಂದೆ. ಹಂದಿ ತೋರಿಸಿದೆ, ‘ಪಂದಿ.’ ‘ಹೌದು, ಹಂದಿ.’ ಹಾವಿಗೆ ‘ಪಾಮು.’ ‘ಹೌದು, ಹಾವು.’ ಆಮೇಲೆ ಹಣ್ಣಿನ ಚಿತ್ರ. ‘ಪಂಡು’ ಅಂತ ಎಲ್ಲರೂ ಕೂಗುವಾಗ, ಎರಡು ತಿಂಗಳಿಂದ ತುಟಿ ಬಿಚ್ಚದ ಒಂದು ಹುಡುಗಿ ಮೂಲೆಯಿಂದ ‘ಹಣ್ಣು’ ಅಂದಳು.

ಅದಾದ ಮೇಲೆ ಬೆಕ್ಕಿನ ಚಿತ್ರ ಬಂತು. ತೆಲುಗಿನಲ್ಲಿ ಪಿಲ್ಲಿ. ಹಾಲಿನ ಹುಡುಗ ಎದ್ದು ನಿಂತು ಗಟ್ಟಿಯಾಗಿ ‘ಹಿಲ್ಲಿ!’ ಅಂದ.

ನಮ್ಮ ಸಹಾಯಕಿ ಒಳಗೆ ಸೌಟು ಬಿಟ್ಟು ನಕ್ಕಳು. ನನಗೂ ನಗು ಬಂತು. ಆದರೆ ಯೋಚಿಸಿ ನೋಡಿ, ಆ ಹುಡುಗನಿಗೆ ಯಾರೂ ಹೇಳಿಕೊಡದ ಒಂದು ನಿಯಮ ತಾನಾಗಿಯೇ ಹೊಳೆದಿತ್ತು. ಅಲ್ಲಿ ‘ಪ’, ಇಲ್ಲಿ ‘ಹ’. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಂದಿ, ಪಾವು ಅನ್ನುತ್ತಿದ್ದವರೇ. ನಮ್ಮ ‘ಪ’ ಆಮೇಲೆ ‘ಹ’ ಆಯಿತು, ತೆಲುಗಿನವರದ್ದು ಹಾಗೇ ಉಳಿಯಿತು. ‘ಹಿಲ್ಲಿ’ ಅಂದವನು ಪಂಡಿತರ ದಾರಿಯಲ್ಲೇ ಹೊರಟಿದ್ದ, ಬೆಕ್ಕು ಮಾತ್ರ ಕೈಗೆ ಸಿಗಲಿಲ್ಲ.

ಮಾಡುವುದು ಹೀಗೆ. ಮಗು ತನ್ನ ಮಾತಿನಲ್ಲಿ ಹೇಳಿದರೆ ‘ತಪ್ಪು’ ಅನ್ನಬೇಡಿ. ಅದೇ ಮಾತನ್ನು ಒಪ್ಪಿಕೊಂಡು, ಪಕ್ಕದಲ್ಲಿ ಕನ್ನಡದ್ದನ್ನು ಇಡಿ. ‘ನೀಳ್ಳು ಬೇಕಾ? ನೀರು ತಗೋ.’ ‘ಎಲ್ಲಿ, ನೀರು ಅನ್ನು ನೋಡೋಣ’ ಅಂತ ಒತ್ತಾಯ ಬೇಡ. ಮೈಯ ಭಾಗಗಳಿಂದ ಶುರು ಮಾಡಿ, ಬೇಗ ಹತ್ತುತ್ತದೆ. ಕಾಲು ಎರಡರಲ್ಲೂ ಕಾಲೇ. ಚೆವಿ ಕಿವಿ, ಚೆಯ್ಯಿ ಕೈ. ಮುಟ್ಟಿ ಮುಟ್ಟಿ ಆಡಿಸಿ. ನಿಮಗೆ ಮಕ್ಕಳ ಮನೆಮಾತು ಬರದಿದ್ದರೆ 20 ಪದ ಕಲಿಯಿರಿ, ಸಾಕು. ನೀರು, ಹಸಿವು, ಉಚ್ಚೆ, ನೋವು, ಬೇಕು, ಬೇಡ, ಅಮ್ಮ ಎಲ್ಲಿ. ಕೆಜಿಎಫ್ ಕಡೆಯವರಿಗೆ ತಮಿಳು, ಕೆಲವು ಬೀದಿಗಳಲ್ಲಿ ಉರ್ದು. ನೀವು ತಪ್ಪು ತಪ್ಪಾಗಿ ಹೇಳಿದರೂ ಒಳ್ಳೆಯದೇ. ಮಕ್ಕಳು ನಿಮ್ಮನ್ನು ತಿದ್ದುತ್ತಾರೆ. ಟೀಚರನ್ನು ತಿದ್ದಿದ ಮಗು ಆಮೇಲೆ ಸುಮ್ಮನೆ ಕೂರುವುದಿಲ್ಲ.

ಯಾರಾದರೂ ಆಕ್ಷೇಪ ಎತ್ತಿದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತೋರಿಸಿ. ಅದರಲ್ಲಿ 3ರಿಂದ 8 ವರ್ಷ ಒಂದೇ ಹಂತ, ಕಲಿಸುವುದು ಆಟದ ಮೂಲಕ, ಮನೆಮಾತಿಗೆ ಜಾಗ ಇರಬೇಕು ಅಂತಲೇ ಇದೆ.

ಕೇಳಿದ ಮೇಲೆ ಬಾಯಿ ಮುಚ್ಚಿ

ಅಮೆರಿಕದ ಮೇರಿ ಬಡ್ ರೋ ಎನ್ನುವವರು 1970ರ ದಶಕದಲ್ಲಿ ಕ್ಲಾಸುಗಳಲ್ಲಿ ಕೂತು ಲೆಕ್ಕ ಹಾಕಿದರು. ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಕಾಯುತ್ತಾರೆ, ಅಷ್ಟೇ. ಆಮೇಲೆ ತಾವೇ ಉತ್ತರ ಹೇಳುತ್ತಾರೆ, ಇಲ್ಲ ಇನ್ನೊಂದು ಮಗುವಿನ ಕಡೆ ತಿರುಗುತ್ತಾರೆ. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ಇದನ್ನು ಓದಿ ನಾನು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಒಂದು ಸೆಕೆಂಡೂ ಕಾಯುತ್ತಿರಲಿಲ್ಲ.

ಈಗ ಮನಸ್ಸಿನಲ್ಲೇ ‘ಒಂದು ರಾಗಿಮುದ್ದೆ, ಎರಡು ರಾಗಿಮುದ್ದೆ, ಮೂರು ರಾಗಿಮುದ್ದೆ’ ಅಂತ ಎಣಿಸುತ್ತೇನೆ. ತೆಲುಗು ಮನೆಯ ಮಗುವಾದರೆ ಐದು ಮುದ್ದೆ. ಪಾಪ, ಅದು ಮೊದಲು ಅರ್ಥ ಮಾಡಿಕೊಂಡು ಆಮೇಲೆ ಕನ್ನಡ ಪದ ಹುಡುಕಬೇಕು. ಕಾಯುವಾಗ ಮಗುವನ್ನು ದುರುಗುಟ್ಟಿ ನೋಡಬೇಡಿ, ಕೈಯಲ್ಲಿ ಏನಾದರೂ ಕೆಲಸ ಇರಲಿ. ನಾನು ಅವರೆಕಾಯಿ ಸುಲಿಯುತ್ತೇನೆ.

ಪ್ರಶ್ನೆಯೂ ಬದಲಾಗಬೇಕು. ಟೊಮ್ಯಾಟೊ ತೋರಿಸಿ ‘ಬಣ್ಣ ಯಾವುದು?’ ಅಂದರೆ ‘ಕೆಂಪು’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ‘ಟೊಮ್ಯಾಟೊ ನಿಮ್ಮನೇಲಿ ಎಲ್ಲಿಡ್ತಾರೆ?’ ಅಂತ ಕೇಳಿ ನೋಡಿ. ಒಬ್ಬ ನನಗೆ ಕ್ರೇಟು, ಆಟೊ, ಮಂಡಿ, ರೇಟು ಬಿದ್ದ ದಿನ ಅಪ್ಪ ರಸ್ತೆ ಪಕ್ಕ ಸುರಿದು ಬಂದದ್ದು, ಅವ್ವ ಊಟ ಮಾಡದೆ ಮಲಗಿದ್ದು, ಎಲ್ಲ ಹೇಳಿದ. ಅರ್ಧ ತೆಲುಗು, ಅರ್ಧ ಕನ್ನಡ. ಆ ವರ್ಷ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಹುಳದ ಆಟ

ಇದು ನಮ್ಮ ಕಡೆಯವರಿಗೆ. ಬೇರೆ ಊರಿನವರು ನಿಮ್ಮ ಊರಿನ ಕಸುಬನ್ನು ಹಿಡಿದು ಮಾಡಿ. ಮಾವಿನ ತೋಪು, ಹೂವಿನ ತೋಟ, ಹಸು, ಯಾವುದಾದರೂ ಆದೀತು.

ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ‘ನಮ್ದು ಮೂರನೇ ಜ್ವರ ಆಯ್ತು’ ಅನ್ನುತ್ತಾ ಬರುತ್ತವೆ. ಅಂದರೆ ಮೊದಲನೇದು, ಎರಡನೇದು, ಮೂರನೇದು ಅನ್ನುವ ಲೆಕ್ಕ ಅವರ ಬಾಯಲ್ಲಿ ಆಗಲೇ ಇದೆ! ನಾವು ಅದನ್ನು ಚಾರ್ಟಿನಲ್ಲಿ ಬರೆದು ಹೊಸದಾಗಿ ಕಲಿಸುತ್ತಾ ಕೂರುತ್ತೇವೆ.

ಆಟ ಇಷ್ಟೇ. ಚಾಪೆಯೇ ಹುಳ ಸಾಕುವ ತಟ್ಟೆ. ಎಲ್ಲರೂ ಹುಳ. ‘ಸೊಪ್ಪು ಹಾಕಿದೆ’ ಅಂದರೆ ತೆವಳುತ್ತಾ ಕರಕರ ತಿನ್ನಬೇಕು. ‘ಒಂದನೇ ಜ್ವರ’ ಅಂದರೆ ತಲೆ ಎತ್ತಿ ಅಲ್ಲಾಡದೆ ಇರಬೇಕು. ಮತ್ತೆ ಸೊಪ್ಪು, ಮತ್ತೆ ಜ್ವರ. ಪ್ರತಿ ಸಲ ಜ್ವರವನ್ನು ಸ್ವಲ್ಪ ಉದ್ದ ಮಾಡಿ. ನಾಲ್ಕು ಜ್ವರ ಕಳೆದರೆ ಹುಳ ಹಣ್ಣಾಯಿತು, ಅಂದರೆ ಗೂಡು ಕಟ್ಟಲು ತಯಾರು. ಆಗ ತಲೆಯನ್ನು ಇಂಗ್ಲಿಷಿನ 8ರ ಹಾಗೆ ಆಡಿಸುತ್ತಾ ನೂಲು ಬಿಡಬೇಕು. ಹುಳ ನಿಜವಾಗಿಯೂ ಹಾಗೇ ನೂಲುತ್ತದೆ. ‘ಗಲಾಟೆ ಮಾಡಬೇಡಿ’ ಅಂತ ಹತ್ತು ಸಲ ಕಿರುಚುವ ಬದಲು ‘ಎರಡನೇ ಜ್ವರ’ ಅಂದರೆ ನನ್ನ ಕೋಣೆ ಈಗ ನಿಶ್ಶಬ್ದ. ಹಾಜರಿ ಹಾಕುವಾಗ, ರಿಜಿಸ್ಟರ್ ಬರೆಯುವಾಗ ಇದು ದೊಡ್ಡ ಉಪಕಾರ.

ಹುಳದ ಮನೆಯೊಳಗೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಹೊರಗಿನವರು ಹೋದರೆ ಹುಳಕ್ಕೆ ರೋಗ ತಗಲಬಹುದು, ಯಾರೂ ಬಿಡುವುದೂ ಇಲ್ಲ. ನಾಲ್ಕು ಹುಳ, ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ಕೇಳಿ ತನ್ನಿ, ತಟ್ಟೆಯಲ್ಲಿಡಿ.

ಬಳಪಕ್ಕೆ ಮುಂಚೆ ಚಂದ್ರಿಕೆ

ಅಪ್ಪ ಅಮ್ಮಂದಿರು ಜಾಸ್ತಿ ಕೇಳುವುದು ಒಂದೇ. ‘ಏನು ಬರೆಸಿದ್ರಿ ಮಿಸ್?’ ಪಕ್ಕದ ಮನೆಯ ಮಗು ಹಳದಿ ಬಸ್ಸಿನಲ್ಲಿ ಕಾನ್ವೆಂಟಿಗೆ ಹೋಗಿ ಎರಡು ಪುಟ ಎಬಿಸಿಡಿ ಬರೆದುಕೊಂಡು ಬರುತ್ತದೆ. ನಮ್ಮದು ಮಣ್ಣು ಮೆತ್ತಿಕೊಂಡು ಬರುತ್ತದೆ. ಅವರ ಸಂಕಟವೂ ನ್ಯಾಯವೇ.

ಆದರೂ ಮೂರು ವರ್ಷದ ಮಗುವಿನ ಕೈ ಹಿಡಿದು ‘ಅ’ ತಿದ್ದಿಸಬೇಡಿ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಗಟ್ಟಿ ಮೂಳೆಯಾಗಿರುವುದಿಲ್ಲ, ವರ್ಷ ಕಳೆದ ಹಾಗೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಬೆರಳಿಗೆ ಬಲ ಬರುವ ಮೊದಲೇ ಬಳಪ ಹಿಡಿಸಿದರೆ ಮಗು ಮುಷ್ಟಿ ಬಿಗಿದು ಹಿಡಿಯುತ್ತದೆ. ಆ ಅಭ್ಯಾಸ ಬಿಡಿಸುವುದು ಕಷ್ಟ.

ಬದಲು ಏನು ಮಾಡಬೇಕು? ಬೆರಳಿಗೆ ಕೆಲಸ ಕೊಡಬೇಕು. ನಾಲ್ಕು ದಾಟಿದವರು ಅವರೆಕಾಯಿ ಸುಲಿಯಲಿ, ಹಿತಕಲಿ. ಚಪಾತಿ ಹಿಟ್ಟು ನಾದಲಿ. ಒದ್ದೆ ಬಟ್ಟೆ ಹಿಂಡಲಿ. ಹೂವಿಗೆ ದಾರ ಪೋಣಿಸಲಿ. ಕಾಗದ ಹರಿದು ಅಂಟಿಸಲಿ.

ಆಮೇಲೆ ಚಂದ್ರಿಕೆ. ಹಣ್ಣಾದ ಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ಈಗ ಪ್ಲಾಸ್ಟಿಕ್‌ನದು ಬಂದಿದೆ, ಹಳೆಯವು ಅಟ್ಟದ ಮೇಲೆ ಬಿದ್ದಿವೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದಕ್ಕೇ ಎರಡು ಮೂರು ಸಲ ತೊಳೆದು ಬಿಸಿಲಿಗಿಡಿ. ಸಿಬಿರು ಇದ್ದರೆ ಉಪ್ಪುಕಾಗದದಲ್ಲಿ ಉಜ್ಜಿ. ಗೋಡೆಗೆ ಒರಗಿಸಿ. ಮಗು ನಿಂತುಕೊಂಡು ಹೊರಗಿನಿಂದ ನಡುವಿನ ತನಕ ಬೆರಳು ಓಡಿಸಲಿ, ಮತ್ತೆ ನಡುವಿನಿಂದ ಹೊರಗೆ. ಮೊದಲು ಭುಜ ಆಡುತ್ತದೆ, ನಡುವಿಗೆ ಬರುತ್ತಾ ಬರುತ್ತಾ ಬರೀ ಮಣಿಕಟ್ಟು. ಕನ್ನಡದ ಅಕ್ಷರ ಎಲ್ಲವೂ ದುಂಡು. ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಸಿಕ್ಕಿಲ್ಲ. 1907ರಲ್ಲಿ ರೋಮ್ ನಗರದಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದ ಮರಿಯಾ ಮಾಂಟೆಸ್ಸರಿ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಬೆರಳಾಡಿಸಲು ಕೊಡುತ್ತಿದ್ದರು. ನಮ್ಮ ಅಟ್ಟದ ಮೇಲೆ ಅದಕ್ಕೂ ಮುಂಚಿನ ಮೆಟ್ಟಿಲು ಬಿದ್ದಿದೆ.

ಐದು ದಾಟಿದ ಮಕ್ಕಳಿಗೆ ಅಕ್ಷರ ತೋರಿಸುವಾಗ ಅ ಆ ಇ ಈ ಸಾಲು ಹಿಡಿಯಬೇಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಬರೆಯಲು ಸುಲಭ, ಐದು ಕಲಿತ ಕೂಡಲೇ ಪದ ಸಿಗುತ್ತದೆ. ಸರ, ಅರಸ, ಅಗಸ, ಗರಗಸ. ‘ಗರಗಸ’ ಓದಿದ ದಿನ ಮಗುವಿನ ಮುಖ ನೋಡಬೇಕು. ಅಷ್ಟು ಉದ್ದದ ಪದ ಅಲ್ವಾ?

ಹುಣಸೆಬೀಜದ ಲೆಕ್ಕ

ನೂರರ ತನಕ ಬಾಯಿಪಾಠ ಹೇಳುವ ಮಗುವಿಗೆ ಐದು ಬೀಜ ಕೊಟ್ಟು ‘ಎಷ್ಟಿದೆ?’ ಅನ್ನಿ. ಒಂದು, ಎರಡು, ಮೂರು, ನಾಲ್ಕು, ಐದು ಎಣಿಸುತ್ತದೆ. ‘ಹಾಗಾದ್ರೆ ಎಷ್ಟು?’ ಅನ್ನಿ. ಮತ್ತೆ ಒಂದರಿಂದ ಶುರು! ಕೊನೆಯಲ್ಲಿ ಹೇಳಿದ ಐದೇ ಒಟ್ಟು ಲೆಕ್ಕ ಅಂತ ಇನ್ನೂ ಗೊತ್ತಾಗಿಲ್ಲ. ಬಾಯಿಪಾಠ ಬೇರೆ, ಎಣಿಕೆ ಬೇರೆ. ಇನ್ನೊಂದು ಮಾಡಿ ನೋಡಿ. ಎರಡು ಸಾಲಿನಲ್ಲಿ ಐದೈದು ಬೀಜ ಇಡಿ. ಒಂದು ಸಾಲನ್ನು ದೂರ ದೂರ ಹರಡಿ. ನಾಲ್ಕು ವರ್ಷದ ಮಗು ‘ಇದೇ ಜಾಸ್ತಿ’ ಅನ್ನುತ್ತದೆ. ಸ್ವಿಟ್ಜರ್ಲೆಂಡಿನ ಪಿಯಾಜೆ ಮಕ್ಕಳ ಮುಂದೆ ಇದನ್ನೇ ಇಟ್ಟು ನೋಡಿದ್ದರು. ಬೈದು ತಿದ್ದುವ ವಿಷಯ ಅಲ್ಲ ಇದು, ವಯಸ್ಸಿಗೆ ತಾನೇ ಬರುತ್ತದೆ. ನಾವು ಬೀಜ ಕೊಡುತ್ತಾ ಇರಬೇಕು ಅಷ್ಟೇ.

ತಟ್ಟೆ ಹಾಕುವ ಕೆಲಸ ಮಕ್ಕಳಿಗೇ ಬಿಡಿ. ತಲೆಗೊಂದು ತಟ್ಟೆ, ತಟ್ಟೆಗೊಂದು ಲೋಟ. ಒಂದು ಕಡಿಮೆ ಬಿದ್ದಾಗ ನೀವು ಹೇಳಬೇಡಿ. ಅವರೇ ಕಂಡುಹಿಡಿಯಲಿ.

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ. ನನ್ನ ನಾಲ್ಕನೇ ವರ್ಷದಲ್ಲಿ ಒಬ್ಬಳು ಪುಟ್ಟಿ ಅವರೆಕಾಳನ್ನು ಮೂಗಿಗೆ ಹಾಕಿಕೊಂಡಳು. ಯಾರೋ ನೀರು ಹಾಕಿ ಅಂದರು, ಯಾರೋ ಪಿನ್ನು ತಂದರು. ಎರಡೂ ಮಾಡಬೇಡಿ. ಕಾಳು ಒದ್ದೆಯಾದರೆ ಉಬ್ಬುತ್ತದೆ, ಚುಚ್ಚಿದರೆ ಒಳಗೆ ಹೋಗುತ್ತದೆ. ನಾವು ಬೈಕಿನಲ್ಲಿ ಸೀದಾ ಡಾಕ್ಟರ ಹತ್ತಿರ ಓಡಿದೆವು. ಎರಡು ನಿಮಿಷದಲ್ಲಿ ತೆಗೆದರು. ನನ್ನ ಕೈಕಾಲು ನಡುಗುವುದು ನಿಲ್ಲಲು ಸಂಜೆಯಾಯಿತು. ಅವತ್ತಿನಿಂದ ಬೀಜ ಕೊಡುವುದು ನಾಲ್ಕು ದಾಟಿದವರಿಗೆ ಮಾತ್ರ. ಡಬ್ಬಿಗೆ 10 ಬೀಜ, ಮುಚ್ಚಳದ ಮೇಲೆ 10 ಚುಕ್ಕೆ. ವಾಪಸ್ ಕೊಡುವಾಗ ಒಂದೊಂದು ಚುಕ್ಕೆಯ ಮೇಲೆ ಒಂದೊಂದು ಬೀಜ ಇಟ್ಟು ತೋರಿಸಬೇಕು. ಹೆದರಿಕೆಯಿಂದ ಮಾಡಿದ ನಿಯಮ. ನಾನು ಕಲಿಸುವ ಗಣಿತದಲ್ಲಿ ಮಕ್ಕಳು ಚೆನ್ನಾಗಿ ಕಲಿತದ್ದು ಇದರಿಂದಲೇ.

ಉಳಿದದ್ದು

ಕಥೆ ದಿನಕ್ಕೊಂದು ಹೊಸದು ಬೇಡ. ಒಂದೇ ಕಥೆ ವಾರ ಪೂರ್ತಿ ಹೇಳಿ. ಸೋಮವಾರ ಕೇಳುತ್ತಾರೆ, ಬುಧವಾರ ಜೊತೆಗೆ ಹೇಳುತ್ತಾರೆ, ಶನಿವಾರ ಅವರೇ ಹೇಳುತ್ತಾರೆ. ನೀವು ಬೇಕಂತಲೇ ತಪ್ಪು ಹೇಳಿ, ಮೈಮೇಲೆ ಬೀಳುತ್ತಾರೆ.

ಸಣ್ಣವರು ದೊಡ್ಡವರು ಒಂದೇ ಕೋಣೆಯಲ್ಲಿ ಅಂತ ಗೋಳಾಡಬೇಡಿ. ಐದು ವರ್ಷದವಳ ಪಕ್ಕ ಮೂರು ವರ್ಷದವನನ್ನು ಕೂರಿಸಿ. ನಾವು ಹೇಳಿದ್ದಕ್ಕಿಂತ ಅವಳು ಹೇಳಿದ್ದು ಬೇಗ ಹತ್ತುತ್ತದೆ. ಆದರೆ ಅವಳನ್ನೇ ಮರಿ ಟೀಚರ್ ಮಾಡಿ ನೀವು ಕೂತುಬಿಡಬೇಡಿ, ಅವಳಿಗೂ ಆಟ ಬೇಕು.

ಅಪ್ಪ ಅಮ್ಮಂದಿರಿಗೆ ತೋರಿಸಲು ಒಂದು 200 ಪುಟದ ನೋಟ್‌ಬುಕ್ ಇಡಿ. ಮಗುವಿಗೆ ನಾಲ್ಕು ಪುಟ. ವಾರಕ್ಕೆ ಒಂದೇ ಸಾಲು, ಕಂಡದ್ದನ್ನು ಬರೆಯಿರಿ. ‘ಚುರುಕಾಗಿದ್ದಾನೆ’ ಅಂತ ಬರೆದರೆ ಪ್ರಯೋಜನವಿಲ್ಲ. ‘ಇವತ್ತು ಲೋಟ ಕಡಿಮೆ ಬಿದ್ದದ್ದನ್ನು ತಾನೇ ಕಂಡು ತಂದ’ ಅಂತ ಬರೆಯಿರಿ. ‘ಏನು ಬರೆಸಿದ್ರಿ?’ ಅಂತ ಕೇಳಿದ ಅಪ್ಪನಿಗೆ ಅದನ್ನು ಓದಿ ಹೇಳಿ, ಓದು ಬಾರದ ಅಮ್ಮನಿಗೆ ಜೋರಾಗಿ ಓದಿ. ‘ಹಿಲ್ಲಿ’ ಹುಡುಗನ ಪುಟ ನನ್ನ ಹತ್ತಿರ ಇನ್ನೂ ಇದೆ. ಅವನೀಗ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗುವಷ್ಟು ದೊಡ್ಡವನಾಗಿದ್ದಾನೆ. ದಾರಿಯಲ್ಲಿ ಸಿಕ್ಕರೆ ನಾನು ‘ಏನಪ್ಪಾ, ಹಿಲ್ಲಿ ಹೇಗಿದೆ?’ ಅಂತೇನೆ. ‘ಬಿಡಿ ಮಿಸ್’ ಅಂತ ಸೈಕಲ್ ತುಳಿದುಕೊಂಡು ಹೋಗುತ್ತಾನೆ.